ಇಪ್ಪತ್ತೊಂದು ಮನೆಗಳ ಒಳಸಂಚು

2008ರ ನವೆಂಬರ್ 16, ಭಾನುವಾರ. ಅಂದು ಬೆಳಿಗ್ಗೆ ‘ನ್ಯೂಯಾರ್ಕ್ ಟೈಮ್ಸ್’ನ ಪದಬಂಧ ತುಂಬಿ ಮುಗಿಸಿ ಪೆನ್ನು ಕೆಳಗಿಟ್ಟ ಬಹಳಷ್ಟು ಮಂದಿಗೆ ತಾವು ಆಡಿದ್ದು ಅರ್ಧ ಆಟ ಎಂಬುದು ಗೊತ್ತಿರಲಿಲ್ಲ. ಸಂಜೆ ಟೀವಿಯಲ್ಲಿ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಧಾರಾವಾಹಿಯ ಹೊಸ ಕಂತು ಬಂತು. ಪದಬಂಧದ ಗೀಳು ಹತ್ತಿಸಿಕೊಂಡ ಮಗಳು ಲೀಸಾ ಸ್ಪರ್ಧೆಗೆ ಇಳಿಯುತ್ತಾಳೆ. ಅಪ್ಪ ಹೋಮರ್ ಅವಳು ಸೋಲುತ್ತಾಳೆಂದು ಬಾಜಿ ಕಟ್ಟುತ್ತಾನೆ. ವಿಷಯ ಬಯಲಾಗಿ ಮಗಳು ಮುನಿಸಿಕೊಂಡಾಗ ಅಪ್ಪ ಕಂಡುಕೊಂಡ ದಾರಿ, ಭಾನುವಾರದ ಪದಬಂಧದೊಳಗೆ ಗುಟ್ಟಾಗಿ ಒಂದು ಕ್ಷಮಾಪತ್ರ ಸೇರಿಸುವುದು.

ಕಂತಿನಲ್ಲಿ ತೋರಿಸಿದ ಆ ಪದಬಂಧ ಅಂದು ಬೆಳಿಗ್ಗೆ ಪತ್ರಿಕೆಯಲ್ಲಿ ನಿಜಕ್ಕೂ ಅಚ್ಚಾಗಿತ್ತು. ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಗಿನ ಮೂಲೆಯವರೆಗೆ ಓರೆಯಾಗಿ ಓದಿಕೊಂಡು ಹೋದರೆ, ದಡ್ಡ ಅಪ್ಪ ತನ್ನ ಬಾಜಿಗಾಗಿ ನೊಂದುಕೊಂಡಿದ್ದಾನೆ ಎಂಬರ್ಥದ ಇಂಗ್ಲಿಷ್ ವಾಕ್ಯ ಸಿಗುತ್ತಿತ್ತು. ಲೆಕ್ಕ ಹಾಕಿದಂತೆ 21 ಅಕ್ಷರ. ಮನೆಗಳೂ ಓರೆಯಾಗಿ 21. ಸಾಲದೆಂಬಂತೆ ಸುಳಿವುಗಳ ಮೊದಲ ಅಕ್ಷರಗಳನ್ನೆಲ್ಲ ಜೋಡಿಸಿದರೆ ಹೋಮರ್ ಮಗಳಿಗೆ ಬರೆದ ಇನ್ನೊಂದು ಉದ್ದನೆಯ ಪತ್ರ. ರಚಿಸಿದವರು ಮರ್ಲ್ ರೀಗಲ್, ಸಂಪಾದಿಸಿದವರು ವಿಲ್ ಶಾರ್ಟ್ಜ್. ಇಬ್ಬರೂ ಆ ಕಂತಿನಲ್ಲಿ ತಮ್ಮ ಪಾತ್ರಗಳಿಗೆ ತಾವೇ ದನಿ ಕೊಟ್ಟಿದ್ದರು.

ಎಲ್ಲ ಭಾನುವಾರವೂ ಇಷ್ಟು ನಾಟಕ ಇರುವುದಿಲ್ಲ. ಆದರೆ ಒಂದಲ್ಲ ಒಂದು ಸಂಚು ಇದ್ದೇ ಇರುತ್ತದೆ. ಅದಕ್ಕೆ ಥೀಮ್ ಎನ್ನುತ್ತಾರೆ. ಥೀಮ್ ಪದಬಂಧವನ್ನು ಪದಜ್ಞಾನದ ಪರೀಕ್ಷೆ ಎಂದುಕೊಂಡವರು ಬೇಗ ಸೋಲುತ್ತಾರೆ. ಅಲ್ಲಿ ಬಿಡಿಸಬೇಕಾದ ಮುಖ್ಯ ಒಗಟು ಒಂದೇ: ಇಂದು ರಚನಕಾರ ಯಾವ ನಿಯಮ ಇಟ್ಟುಕೊಂಡು ಕೂತಿದ್ದಾನೆ? ಅದು ಸಿಕ್ಕರೆ ಕಾಣದ ಊರಿನ, ಕೇಳದ ನಟನ ಹೆಸರೂ ಅರ್ಧ ಬಿದ್ದಂತೆ.

ಆ ಪತ್ರಿಕೆಯ ಕ್ರಮ ಹೀಗಿದೆ. ವಾರದ ದಿನಗಳ ಪದಬಂಧ 15 ಮನೆ ಉದ್ದ, 15 ಮನೆ ಅಗಲ. ಭಾನುವಾರದ್ದು 21ಕ್ಕೆ 21, ಅಂದರೆ 441 ಮನೆ. ಉತ್ತರಗಳ ಮಿತಿ ಸಾಮಾನ್ಯವಾಗಿ 140. ಗಾತ್ರ ನೋಡಿ ಇದೇ ವಾರದ ಕಠಿಣ ಪದಬಂಧವೆಂದು ಹೊಸಬರು ಹಿಂಜರಿಯುವುದುಂಟು. ಹಾಗೇನಿಲ್ಲ. ಸೋಮವಾರ ಸಲೀಸು, ಅಲ್ಲಿಂದ ದಿನೇದಿನೇ ಬಿಗಿಯಾಗುತ್ತ ಶನಿವಾರ ತಲೆ ಕೆರೆದುಕೊಳ್ಳುವ ಹಾಗೆ ಮಾಡುತ್ತದೆ. ಭಾನುವಾರದ್ದು ಬುಧವಾರ, ಗುರುವಾರದ ಮಟ್ಟದ್ದೇ. ಹೊತ್ತು ಮಾತ್ರ ಜಾಸ್ತಿ ನುಂಗುತ್ತದೆ. ಶುಕ್ರವಾರ, ಶನಿವಾರಗಳಲ್ಲಿ ಸಾಮಾನ್ಯವಾಗಿ ಥೀಮ್ ಇರುವುದಿಲ್ಲ. ಭಾನುವಾರದ ಪದಬಂಧಕ್ಕೆ ಥೀಮ್ ಜೊತೆಗೆ ಒಂದು ಶೀರ್ಷಿಕೆಯೂ ಇರುತ್ತದೆ, ಮತ್ತು ಆ ಶೀರ್ಷಿಕೆಯೇ ಮೊದಲ ಸುಳಿವು. ಅದನ್ನು ಓದದೆ ‘ಎಡದಿಂದ ಬಲಕ್ಕೆ 1’ಕ್ಕೆ ಹಾರುವವರು ಕೈಯಾರೆ ಕಷ್ಟ ತಂದುಕೊಳ್ಳುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಕನ್ನಡದಲ್ಲೇ ಒಂದು ಪುಟ್ಟ ಉದಾಹರಣೆ ಕಟ್ಟಬಹುದು. ಪದಬಂಧದ ಶೀರ್ಷಿಕೆ ‘ಕೊಟ್ಟಿಗೆ’ ಎಂದಿರಲಿ. ಸುಳಿವುಗಳಲ್ಲಿ ಎಲ್ಲೂ ದನಕರುಗಳ ಸುದ್ದಿಯಿಲ್ಲ. ಒಂದು ಕಡೆ ‘ಪುಟ್ಟ ಮಗು’ ಎಂದಿದೆ, ಮೂರಕ್ಷರ, ಉತ್ತರ ಹಸುಳೆ. ‘ಬಗ್ಗೆ’ ಎಂದಿರುವಲ್ಲಿ ಕುರಿತು. ‘ಬಳಕೆಯ ಭಾಷೆ, ನಾಲ್ಕಕ್ಷರ’ ಎಂದಿರುವಲ್ಲಿ ಆಡುಮಾತು. ಮೂರನ್ನೂ ಬರೆದವರ ಕಣ್ಣು ತಾನಾಗಿ ಪದಗಳ ತಲೆಯ ಮೇಲೆ ನಿಲ್ಲುತ್ತದೆ: ಹಸು, ಕುರಿ, ಆಡು. ಈಗ ‘ನಾವಿರುವ ನಾಡು, ನಾಲ್ಕಕ್ಷರ’ ಎಂಬ ಸುಳಿವು ಬರಲಿ. ಕರ್ನಾಟಕಕ್ಕೂ ನಾಲ್ಕೇ ಅಕ್ಷರ, ಕರುನಾಡಿಗೂ ನಾಲ್ಕೇ. ಮಾಮೂಲಿ ಪದಬಂಧವಾದರೆ ಮೇಲಿನಿಂದ ಕೆಳಕ್ಕೆ ಬರುವ ಪದಗಳಿಗೆ ಕಾಯಬೇಕು. ಕೊಟ್ಟಿಗೆಯ ಗುಟ್ಟು ಗೊತ್ತಾದವರು ಕಾಯುವುದಿಲ್ಲ, ಕರು ಕಟ್ಟಿ ಮುಂದೆ ಹೋಗುತ್ತಾರೆ. ‘ವಸೂಲಿ, ನಾಲ್ಕಕ್ಷರ’ ಎಂಬ ಇನ್ನೊಂದು ಸುಳಿವನ್ನು ಓದುಗರಿಗೇ ಬಿಡೋಣ. ಅದರ ಉತ್ತರವೂ ಅದೇ ಕೊಟ್ಟಿಗೆಯಲ್ಲಿದೆ.

ಅಮೆರಿಕದ ಭಾನುವಾರದ ಪದಬಂಧದಲ್ಲಿ ಇಂಥ ಉತ್ತರಗಳು ಆರೇಳರಿಂದ ಹತ್ತರವರೆಗೆ ಇರುತ್ತವೆ, ಹೆಚ್ಚಾಗಿ ಅತಿ ಉದ್ದದ ಸಾಲುಗಳಲ್ಲಿ. ಉಳಿದ ನೂರಕ್ಕೂ ಹೆಚ್ಚು ಪದಗಳು ಅವಕ್ಕೆ ಆಸರೆಯಷ್ಟೇ. ಹಾಗಾಗಿ ಪಳಗಿದವರು ಮೊದಲು ಯಾವುದಾದರೂ ಒಂದು ಮೂಲೆ ಹಿಡಿದು ಮೂರು, ನಾಲ್ಕು ಅಕ್ಷರದ ಖಚಿತ ಪದಗಳನ್ನು ತುಂಬುತ್ತಾರೆ. ಅವು ಉದ್ದ ಸಾಲೊಂದಕ್ಕೆ ನಾಲ್ಕಾರು ಅಕ್ಷರ ಒದಗಿಸಿದರೆ ಸಾಕು, ಊಹೆ ಶುರು. ಸುಳಿವಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅಲ್ಲಿ ಪದಚೇಷ್ಟೆ ನಡೆದಿದೆ ಎಂದರ್ಥ. ಸುಳಿವಿನಲ್ಲಿ ಸಂಕ್ಷಿಪ್ತ ರೂಪ ಇದ್ದರೆ ಉತ್ತರವೂ ಸಂಕ್ಷಿಪ್ತ. ಸುಳಿವು ಬಹುವಚನವಾದರೆ ಉತ್ತರವೂ ಬಹುವಚನ. ಈ ಮರ್ಯಾದೆಗಳನ್ನು ರಚನಕಾರ ಮೀರುವುದಿಲ್ಲ. ಉಳಿದ ಕಡೆ ಎಷ್ಟು ಮೋಸ ಮಾಡಿದರೂ ಇಲ್ಲಿ ಮಾತ್ರ ಸತ್ಯವಂತ.

ಕಪ್ಪು ಮನೆಗಳ ಜೋಡಣೆಯಲ್ಲೂ ಒಂದು ಉಪಕಾರವಿದೆ. ಪದಬಂಧವನ್ನು ತಲೆಕೆಳಗು ಮಾಡಿ ಹಿಡಿದರೂ ಕಪ್ಪು ಮನೆಗಳು ಇದ್ದಲ್ಲೇ ಇರುತ್ತವೆ, ಅಂಗಳದಲ್ಲಿ ಚುಕ್ಕಿಯಿಟ್ಟು ಬಿಡಿಸಿದ ರಂಗೋಲಿಯನ್ನು ಆ ಬದಿಯಿಂದ ನೋಡಿದ ಹಾಗೆ. ಆದ್ದರಿಂದ ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ ಒಂದು ಥೀಮ್ ಉತ್ತರ ಪತ್ತೆಯಾದರೆ, ಕೆಳಗಿನಿಂದ ನಾಲ್ಕನೆಯ ಸಾಲಿನಲ್ಲಿ ಅದರ ಜೋಡಿ, ಅಷ್ಟೇ ಉದ್ದದ್ದು, ಕೂತಿರುವ ಸಾಧ್ಯತೆ ದೊಡ್ಡದು. ಎಲ್ಲಿ ಅನುಮಾನಪಡಬೇಕು ಎಂಬುದು ಮೊದಲೇ ಗೊತ್ತಾದರೆ ಅರ್ಧ ಶ್ರಮ ಉಳಿಯಿತು.

ಚಿಕ್ಕ ಪದಗಳ ವಿಷಯದಲ್ಲಿ ಭಾರತೀಯ ಓದುಗರಿಗೆ ಒಂದು ಸಣ್ಣ ಲಾಭವಿದೆ. ಇಂಗ್ಲಿಷ್‌ನ ಉದ್ದ ಪದಗಳು ಒಂದನ್ನೊಂದು ಹಾಯ್ದಾಗ ನಡುವೆ ಉಳಿಯುವ ಇಕ್ಕಟ್ಟಿನಲ್ಲಿ ಸ್ವರ ತುಂಬಿದ ಪುಟ್ಟ ಪದಗಳು ಬೇಕು. ಹಾಗೆ ಬೇಕಾದಾಗ ರಚನಕಾರರು ಕೈಚಾಚುವುದು ನಮ್ಮ ಕಡೆಗೆ: ರಾಣಿ, ಸಾರಿ, ರಾಗ, ಆಗ್ರಾ, ರಾಜ್, ನಾನ್. ದಶಕಗಳಿಂದ ಇವು ಅಮೆರಿಕದ ಪದಬಂಧಗಳ ಖಾಯಂ ನಿವಾಸಿಗಳು. ‘ತಾಜ್ ಮಹಲ್ ಇರುವ ಊರು’ ಎಂಬ ಸುಳಿವನ್ನು ನೋಡಿ ನ್ಯೂಜೆರ್ಸಿಯ ಕನ್ನಡಿಗರು ನಗಬಹುದು. ಪಕ್ಕದ ಮನೆಯ ಬೇಸ್‌ಬಾಲ್ ಆಟಗಾರನ ಹೆಸರಿಗೆ ಅವರೂ ತಡಕಾಡಬೇಕು ಎಂಬುದು ಬೇರೆ ಮಾತು.

ಈ ಆಟ ಹುಟ್ಟಿದ್ದೇ ಒಂದು ಭಾನುವಾರ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ‘ಫನ್’ ಪುರವಣಿಯಲ್ಲಿ, ಲಿವರ್‌ಪೂಲ್‌ನಿಂದ ವಲಸೆ ಬಂದಿದ್ದ ಆರ್ಥರ್ ವಿನ್ ವಜ್ರದ ಆಕಾರದ ಒಂದು ಪದಬಂಧ ಹಾಕಿದರು. ಪುರವಣಿಯ ಹೆಸರಿನ ಮೂರು ಅಕ್ಷರಗಳನ್ನು ಅವರೇ ತುಂಬಿಕೊಟ್ಟಿದ್ದರು. ಅವರಿಟ್ಟ ಹೆಸರು ‘ವರ್ಡ್-ಕ್ರಾಸ್’. ಕೆಲವು ವಾರಗಳಲ್ಲೇ ಅಚ್ಚುಮನೆಯಲ್ಲಿ ಅದು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. 1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಇಬ್ಬರು ಹೊಸ ಪ್ರಕಾಶಕರು ಪದಬಂಧಗಳ ಮೊದಲ ಪುಸ್ತಕ ತಂದರು, ಜೊತೆಗೊಂದು ಪೆನ್ಸಿಲ್ ಕಟ್ಟಿ. ದೇಶಕ್ಕೆ ದೇಶವೇ ಹುಚ್ಚೆದ್ದಿತು.

ಆ ಹುಚ್ಚನ್ನು ಹೀಗಳೆದವರಲ್ಲಿ ಮುಂದಿದ್ದದ್ದು ‘ನ್ಯೂಯಾರ್ಕ್ ಟೈಮ್ಸ್’ ಎಂಬುದು ಇಂದು ನಂಬಲು ಕಷ್ಟ. 1924ರಲ್ಲಿ ಅದು ಪದಬಂಧವನ್ನು ಬರೀ ಕಾಲಹರಣವೆಂದು ಜರಿದು ಬರೆಯಿತು. ಹದಿನೇಳು ವರ್ಷ ಪಟ್ಟು ಸಡಿಲಿಸಲಿಲ್ಲ. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿದಾಗ, ಕೆಟ್ಟ ಸುದ್ದಿಯ ನಡುವೆ ಓದುಗರ ಮನಸ್ಸಿಗೆ ಏನಾದರೂ ಬಿಡುವು ಬೇಕು ಎಂಬ ಮಾತು ಸಂಪಾದಕರಲ್ಲಿ ಬಂತು. 1942ರ ಫೆಬ್ರವರಿ 15ರ ಭಾನುವಾರ ಮೊದಲ ಪದಬಂಧ ಪ್ರಕಟವಾಯಿತು. ದಿನವೂ ಬರತೊಡಗಿದ್ದು 1950ರಿಂದ. ಅಂದರೆ ಆ ಪತ್ರಿಕೆಯ ಮಟ್ಟಿಗೆ ಭಾನುವಾರದ್ದೇ ಹಿರಿಯಣ್ಣ, ದಿನದ್ದು ಆಮೇಲೆ ಹುಟ್ಟಿದ ತಮ್ಮ.

ಮೊದಲ ಸಂಪಾದಕಿ ಮಾರ್ಗರೆಟ್ ಫರಾರ್. ಇವರ ಕಥೆ ಸ್ವಾರಸ್ಯದ್ದು. ಕಾಲೇಜು ಮುಗಿಸಿ ‘ನ್ಯೂಯಾರ್ಕ್ ವರ್ಲ್ಡ್’ ಸೇರಿದಾಗ ಅವರಿಗೆ ಪದಬಂಧದ ಕೆಲಸ ಗಂಟುಬಿತ್ತು. ಬಂದದ್ದನ್ನು ಬಂದ ಹಾಗೆ ಅಚ್ಚಿಗೆ ಕಳಿಸುತ್ತಿದ್ದರು. ತಪ್ಪುಗಳ ಬಗ್ಗೆ ದೂರು ಹೆಚ್ಚಿದಾಗ ಒಂದು ದಿನ ತಾವೇ ಕೂತು ಬಿಡಿಸಲು ನೋಡಿದರು. ಬಗೆಹರಿಯಲಿಲ್ಲ! ಅಂದಿನಿಂದ ಪ್ರತಿಯೊಂದನ್ನೂ ಪರೀಕ್ಷಿಸಿಯೇ ಕೊಡುವೆನೆಂದು ನಿಘಂಟಿನ ಮೇಲೆ ಕೈಯಿಟ್ಟು ಶಪಥ ಮಾಡಿದರಂತೆ. ಪ್ರತಿ ಅಕ್ಷರವೂ ಅಡ್ಡ, ಉದ್ದ ಎರಡೂ ಪದಗಳಿಗೆ ಸೇರಿರಬೇಕು, ಎರಡಕ್ಷರದ ಪದ ಕೂಡದು, ಕಪ್ಪು ಮನೆಗಳು ಸಮಮಿತಿಯಲ್ಲಿರಬೇಕು ಎಂಬ ಇಂದಿನ ಕಟ್ಟಳೆಗಳು ಗಟ್ಟಿಯಾದದ್ದು ಅವರ ಕಾಲದಲ್ಲಿ. ಇನ್ನೊಂದು ಕಟ್ಟಳೆ ಬೆಳಗಿನ ತಿಂಡಿಗೆ ಸಂಬಂಧಿಸಿದ್ದು. ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತ ಪದಬಂಧ ಬಿಡಿಸುವವರ ಬಾಯಿರುಚಿ ಕೆಡಬಾರದು. ಆದ್ದರಿಂದ ರೋಗ, ಸಾವುಗಳು ಉತ್ತರಗಳಲ್ಲಿ ತಲೆಹಾಕಬಾರದು.

ಕಟ್ಟಳೆ ಬಿಗಿಯಾದಷ್ಟೂ ಅದನ್ನು ಮುರಿಯುವ ಉಮೇದು ಹೆಚ್ಚು. ಒಂದು ಮನೆಗೆ ಒಂದೇ ಅಕ್ಷರ ಎಂಬ ಮೂಲ ನಿಯಮವನ್ನೇ ಫಿಲಡೆಲ್ಫಿಯಾದ ಬರ್ನೀಸ್ ಗಾರ್ಡನ್ 1960ರ ದಶಕದಲ್ಲಿ ಮುರಿದರು. ಅಂಗಡಿ ಬೋರ್ಡುಗಳಲ್ಲಿ ‘ಅಂಡ್’ ಎನ್ನುವುದಕ್ಕೆ ಬಳಸುವ ಗಂಟುಹಾಕಿದಂಥ ಚಿಹ್ನೆಯನ್ನು ಒಂದೇ ಮನೆಯಲ್ಲಿ ಕೂರಿಸಿ, ಹಾಯ್ದುಹೋಗುವ ಎರಡೂ ಪದಗಳಲ್ಲಿ ಅದನ್ನು ಮೂರಕ್ಷರವಾಗಿ ಓದಿಕೊಳ್ಳುವಂತೆ ಮಾಡಿದರು. ಕೋಪದ ಪತ್ರಗಳೂ ಬಂದವು, ಮೆಚ್ಚುಗೆಯವೂ ಬಂದವು. ಇಂದು ಈ ತಂತ್ರಕ್ಕೆ ರೀಬಸ್ ಎಂದು ಹೆಸರು. ಪದ ಖಚಿತವಾಗಿ ಗೊತ್ತಿದ್ದೂ ಮನೆಗಳು ಎರಡು ಕಡಿಮೆ ಬಿದ್ದಾಗ, ತನ್ನ ತಲೆಯನ್ನು ಅನುಮಾನಿಸುವ ಬದಲು ಮನೆಯನ್ನು ಅನುಮಾನಿಸಬೇಕೆಂದು ಅಲ್ಲಿನ ಓದುಗರು ಕಲಿತದ್ದು ಹೀಗೆ. ಗಾರ್ಡನ್ ನೂರರ ಹೊಸ್ತಿಲಲ್ಲೂ ಪದಬಂಧ ಕಟ್ಟುತ್ತಿದ್ದರು. 2013ರಲ್ಲಿ ಹದಿಹರೆಯದ ಡೇವಿಡ್ ಸ್ಟೈನ್‌ಬರ್ಗ್ ಜೊತೆ ಸೇರಿ ಒಂದನ್ನು ರಚಿಸಿದಾಗ ಅದರ ಥೀಮ್ ಇಬ್ಬರ ವಯಸ್ಸಿನ ಅಂತರವೇ ಆಗಿತ್ತು.

ಎಲ್ಲಕ್ಕಿಂತ ಧೂರ್ತವಾದದ್ದು ಬಂದದ್ದು ಭಾನುವಾರವಲ್ಲ, ಒಂದು ಮಂಗಳವಾರ. 1996ರ ನವೆಂಬರ್ 5, ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ. ನಡುವಿನ ಸಾಲಿನ ಸುಳಿವು ‘ನಾಳಿನ ಪತ್ರಿಕೆಯ ಮುಖ್ಯ ಸುದ್ದಿ’ ಎಂಬರ್ಥದ್ದು. ಉತ್ತರ, ಇಂಥವರು ಗೆದ್ದರು ಎಂಬುದು. ಮತ ಎಣಿಕೆಯೇ ಆಗದಿರುವಾಗ ಪತ್ರಿಕೆ ಕ್ಲಿಂಟನ್ ಗೆದ್ದರೆಂದು ಬರೆದುಬಿಟ್ಟಿದೆ ಎಂದು ಕೆಲವರು ಫೋನ್ ಮಾಡಿ ಕೂಗಾಡಿದರು. ಬಾಬ್ ಡೋಲ್ ಗೆದ್ದರೆಂದು ಬರೆದದ್ದೇಕೆಂದು ಮತ್ತೆ ಕೆಲವರ ಜಗಳ. ಎರಡೂ ಸರಿಯಾದ ಉತ್ತರಗಳೇ. ಇಂಗ್ಲಿಷ್‌ನಲ್ಲಿ ಎರಡು ಹೆಸರಿಗೂ ಏಳೇಳು ಅಕ್ಷರ. ಆ ಏಳನ್ನು ಮೇಲಿನಿಂದ ಕೆಳಕ್ಕೆ ಹಾಯುವ ಏಳು ಸುಳಿವುಗಳಿಗೂ ಎರಡೆರಡು ಉತ್ತರ ಹೊಂದುತ್ತಿದ್ದವು. ‘ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿ’ ಎಂಬುದಕ್ಕೆ ಕ್ಯಾಟ್ ಎಂದರೂ ಆದೀತು, ಬ್ಯಾಟ್ ಎಂದರೂ ಆದೀತು. ಬೆಕ್ಕಾದರೆ ಕ್ಲಿಂಟನ್, ಬಾವಲಿಯಾದರೆ ಬಾಬ್ ಡೋಲ್.

ರಚಿಸಿದವರು ಇಂಡಿಯಾನಾಪೊಲಿಸ್‌ನ ಬಟ್ಲರ್ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಜೆರಮಾಯ ಫರೆಲ್. ಇಂಥದ್ದೇ ಒಂದನ್ನು ಅವರು 1980ರಲ್ಲಿ ಕಾರ್ಟರ್, ರೇಗನ್ ಹೆಸರಿಟ್ಟು ಕಟ್ಟಿ ಕಳಿಸಿದ್ದರು. ಮೂರನೆಯ ಅಭ್ಯರ್ಥಿ ಆಂಡರ್ಸನ್ ಗೆದ್ದರೆ ಏನು ಮಾಡುವುದು ಎಂದು ಆಗಿನ ಸಂಪಾದಕ ಯೂಜೀನ್ ಮಲೆಸ್ಕಾ ವಾಪಸು ಮಾಡಿದರು. ಸಂಪಾದಕರ ಜಾಗರೂಕತೆಗೂ ಒಂದು ಮಿತಿ ಇರಬೇಕು. 1993ರಲ್ಲಿ ಆ ಕುರ್ಚಿಗೆ ಬಂದ ಶಾರ್ಟ್ಜ್ ಗೀಳಿನ ಮನುಷ್ಯ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಗಟುಶಾಸ್ತ್ರವೆಂಬ ವಿಷಯವನ್ನು ತಾವೇ ರೂಪಿಸಿಕೊಂಡು 1974ರಲ್ಲಿ ಪದವಿ ಪಡೆದವರು. ಚುನಾವಣೆಯ ಆ ಪದಬಂಧವೇ ತಮಗೆ ಅಚ್ಚುಮೆಚ್ಚು ಎಂದು ಅವರು ಹಲವು ಸಲ ಹೇಳಿದ್ದಾರೆ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಒಂದೊಂದು ಸುಳಿವೂ ಸ್ವತಂತ್ರ ಒಗಟು. ‘ದಿ ಹಿಂದೂ’ ಪತ್ರಿಕೆಯ ಪದಬಂಧ ಬಿಡಿಸಿ ಅಭ್ಯಾಸವಿರುವವರಿಗೆ ಆ ವರಸೆ ಗೊತ್ತು. ಅದರ ಮೇಲೆ ಥೀಮನ್ನೂ ಹೇರಿ ಗೆದ್ದವರು ‘ಗಾರ್ಡಿಯನ್’ ಪತ್ರಿಕೆಗೆ 1958ರಿಂದ ಪದಬಂಧ ಕಟ್ಟಿದ ಪಾದ್ರಿ ಜಾನ್ ಗ್ರಹಾಂ. ‘ಅರಕೇರಿಯಾ’ ಎಂಬ ಮರದ ಹೆಸರೇ ಅವರ ಕಾವ್ಯನಾಮ. 2013ರ ಜನವರಿಯಲ್ಲಿ ಅವರ ಒಂದು ಪದಬಂಧಕ್ಕೆ ಪುಟ್ಟ ಪೀಠಿಕೆಯಿತ್ತು: ಅರಕೇರಿಯಾಗೆ 19ರ 18 ಆಗಿದೆ, ಅದಕ್ಕೆ 13, 15ರ ಚಿಕಿತ್ಸೆ ನಡೆದಿದೆ. ಬಿಡಿಸುತ್ತ ಹೋದವರಿಗೆ 18ರಲ್ಲಿ ಕ್ಯಾನ್ಸರ್ ಸಿಕ್ಕಿತು, 19ರಲ್ಲಿ ಅನ್ನನಾಳ, ಉಳಿದೆರಡರಲ್ಲಿ ಉಪಶಾಮಕ ಆರೈಕೆ. 91 ವರ್ಷದ ಮುದುಕ ತನ್ನ ಕಾಯಿಲೆಯ ಸುದ್ದಿಯನ್ನು ಓದುಗರಿಂದಲೇ ಅಕ್ಷರಕ್ಕೆ ಅಕ್ಷರ ಬರೆಸಿದ್ದ. ಅದೇ ನವೆಂಬರಿನಲ್ಲಿ ಅವರು ತೀರಿಕೊಂಡರು. ಫರಾರ್ ಅವರ ತಿಂಡಿಯ ಕಟ್ಟಳೆಗೆ ಇದಕ್ಕಿಂತ ದೊಡ್ಡ ಭಂಗವಿಲ್ಲ. ಆದರೆ ಥೀಮ್ ಎಂಬುದನ್ನು ಇದಕ್ಕಿಂತ ಸಾರ್ಥಕವಾಗಿ ಬಳಸಿದ ಇನ್ನೊಂದು ಪದಬಂಧವನ್ನು ತೋರಿಸುವುದೂ ಕಷ್ಟ.

ಕನ್ನಡದ ಮಾತೇನು? ನಮ್ಮ ಪತ್ರಿಕೆಗಳ ಪದಬಂಧಕ್ಕೆ ದೊಡ್ಡ ಓದುಗ ಬಳಗವಿದೆ. ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರಂಥ ರಚನಕಾರರೂ ಇದ್ದಾರೆ. ಸಿನಿಮಾ, ಪುರಾಣ ಹೀಗೆ ಒಂದು ವಿಷಯ ಹಿಡಿದು ರಚಿಸುವುದೂ ಹೊಸದಲ್ಲ. ಆದರೆ ಅಮೆರಿಕದ ಕಟ್ಟಳೆಯನ್ನು ಇಲ್ಲಿಗೆ ಹಾಗೆಯೇ ತಂದರೆ ನಿಲ್ಲದು. ಅವರ ಮನೆಯಲ್ಲಿ ಕೂರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ನಮ್ಮ ಮನೆಯಲ್ಲಿ ಕೂರುವುದು ಕಾಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರ. ‘ಸ್ತ್ರೀ’ ಎಂಬುದಕ್ಕೆ ಒಂದೇ ಮನೆ ಸಾಕು. ಬರ್ನೀಸ್ ಗಾರ್ಡನ್ ಸಾಹಸ ಮಾಡಿ ಒಂದು ಮನೆಯಲ್ಲಿ ಮೂರು ಅಕ್ಷರ ತುರುಕಿದ್ದು ನಮಗೆ ದಿನದ ವಹಿವಾಟು. ಅಷ್ಟೊಂದು ಬಗೆಯ ಅಕ್ಷರಗಳಿರುವಾಗ ಪ್ರತಿ ಮನೆಯಲ್ಲೂ ಅಡ್ಡ ಪದ, ಉದ್ದ ಪದ ಎರಡೂ ಹಾಯಬೇಕೆಂದರೆ ಪದಬಂಧ ಕಟ್ಟುವುದೇ ದುಸ್ತರ. ನಮ್ಮಲ್ಲಿ ಕಪ್ಪು ಮನೆಗಳು ಹೆಚ್ಚು, ಹಾಯುವ ಜಾಗ ಕಡಿಮೆ. ಹಾಯುವ ಜಾಗ ಕಡಿಮೆಯಾದಾಗ ಬಿಡಿಸುವವರಿಗೆ ಸಿಗುವ ಆಸರೆಯೂ ಕಡಿಮೆ, ಹಾಗಾಗಿ ಥೀಮಿನ ನೆರವು ಇಲ್ಲಿ ಇನ್ನಷ್ಟು ಬೇಕು.

ವಿಷಯವೊಂದನ್ನು ಆರಿಸಿಕೊಳ್ಳುವುದು ಥೀಮಿನ ಮೊದಲ ಮೆಟ್ಟಿಲು ಅಷ್ಟೆ. ಎಲ್ಲ ಉತ್ತರಗಳೂ ರಾಜ್‌ಕುಮಾರ್ ಚಿತ್ರಗಳೇ ಎಂದರೆ ಅದು ನೆನಪಿನ ಪರೀಕ್ಷೆ. ಸಂಚು ಎಲ್ಲಿ ಬಂತು? ಅಕ್ಷರವನ್ನೇ ಘಟಕವಾಗಿಟ್ಟುಕೊಂಡ ಲಿಪಿಯಲ್ಲಿ ಮಾತ್ರ ಸಾಧ್ಯವಾಗುವ ಆಟಗಳು ಎಷ್ಟೋ ಇವೆ. ದೀಪಾವಳಿ ವಿಶೇಷಾಂಕಕ್ಕೆ ‘ಹೋಗಿ ಬನ್ನಿ’ ಎಂಬ ಶೀರ್ಷಿಕೆಯ ಒಂದು ಪದಬಂಧ ಊಹಿಸಿಕೊಳ್ಳಿ. ‘ಕುಮಾರವ್ಯಾಸನ ಹೆಸರಿನೊಡನೆ ಬರುವ ಊರು’ ಎಂಬುದಕ್ಕೆ ಗದಗ. ‘ಗಾಳಿ ಬೆಳಕಿಗೆ ದಾರಿ’ ಎಂಬುದಕ್ಕೆ ಕಿಟಕಿ. ‘ಆಲೂಗಡ್ಡೆ ಹೊಟ್ಟೆಯಲ್ಲಿಟ್ಟುಕೊಂಡ ತಿಂಡಿ’ಗೆ ಸಮೋಸ, ‘ಹೊಸದು’ ಎಂಬುದಕ್ಕೆ ನವೀನ. ನಾಲ್ಕರಲ್ಲಿ ಎರಡು ಸಿಕ್ಕರೆ ಸಾಕು, ಶೀರ್ಷಿಕೆಯ ಗುಟ್ಟು ರಟ್ಟು. ಮೇಲೆರಡು, ಕೆಳಗೆರಡು ಇಟ್ಟ ಮೇಲೆ ನಟ್ಟನಡುವಿನ ಸಾಲಿಗೆ, ಹಾಗೆಯೇ ಹೋಗಿ ಬರುವ ಐದಕ್ಷರದ ಒಂದು ಪದ ಬೇಕಾಗುತ್ತದೆ. ತೆನಾಲಿ ರಾಮಕೃಷ್ಣನ ಬಿರುದು ಅಲ್ಲಿ ಅಳತೆ ತೆಗೆದಂತೆ ಕೂರುತ್ತದೆ.